ನಾನು ಉಳಿಸದ ತಂಗಿ

ನಾನು ಕಣ್ಣಿಂದ ನೋಡದ ದೇಶಗಳ ಶಾಲೆಗಳಲ್ಲಿ ಮಕ್ಕಳು ನನ್ನ ಬಗ್ಗೆ ಓದುತ್ತಾರೆ. ಒಂದು ಹಾಳೆಯ ಪಾಠ ಅದು. ಮೇಲೆ ನನ್ನ ಚಿತ್ರವಿದೆ. ಬಿಳಿ ವ್ಯಾನಿನ ಬಾಗಿಲಿಗೆ ಒರಗಿ, ಕೈಕಟ್ಟಿ, ದೂರ ಎಲ್ಲೋ ನೋಡುತ್ತಾ ನಿಂತಿದ್ದೇನೆ. ಹಾಗೆ ನಿಲ್ಲು ಎಂದು ಫೋಟೊ ತೆಗೆದವರು ಹೇಳಿದ್ದರು. ಕೆಳಗೆ ದೊಡ್ಡ ಅಕ್ಷರದಲ್ಲಿ ‘ತಂಗಿಯನ್ನು ಉಳಿಸಿದ ಡ್ರೈವರ್’ ಎಂದಿದೆ. ಕಥೆ ಮುಗಿದ ಮೇಲೆ ಮಕ್ಕಳಿಗೆ ಪ್ರಶ್ನೆಗಳು. ಈ ಅಣ್ಣ ಮಾಡಿದ ಕೆಲಸ ಏಕೆ ಕಷ್ಟದ್ದು? ನೀವು ಅವನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ?

ಆ ಪಾಠ ಸುಳ್ಳು. ಸುಳ್ಳು ಹೇಳಿದವನು ನಾನು. ಅದನ್ನು ಬರೆದವರು, ಅಚ್ಚು ಹಾಕಿದವರು, ಸುಳ್ಳೆಂದು ಗೊತ್ತಾದ ಮೇಲೂ ಹಂಚುತ್ತಿರುವವರು ಬೇರೆ. ಅವರ ಮೇಲೆ ನನಗೆ ಕೆಂಡದಂಥ ಸಿಟ್ಟಿದೆ. ಆದರೆ ಆ ಸಿಟ್ಟಿನ ಹಿಂದೆ ಅಡಗಿ ಕೂರುವುದು ನನಗೆ ಈಚೆಗೆ ಅಭ್ಯಾಸವಾಗುತ್ತಿದೆ. ಅದಕ್ಕೇ ನನ್ನದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಓದಿದ್ದು ಆರನೆಯ ಇಯತ್ತೆಯವರೆಗೆ, ಪುಣೆಯ ಒಂದು ಕನ್ನಡ ಶಾಲೆಯಲ್ಲಿ. ಅಪ್ಪ ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವನು. ಅವನು ತೀರಿಕೊಂಡ ಮೇಲೆ ನಾನು ಗ್ಯಾರೇಜು ಸೇರಿದೆ, ಆಮೇಲೆ ಟೆಂಪೊ, ಆಮೇಲೆ ಈ ವ್ಯಾನು. ಯೆರವಡಾದಲ್ಲಿ ಜೈಲಿನ ಗೋಡೆ ಮುಗಿದು ಕೂಲಿಕಾರರ ಬಸ್ತಿ ಶುರುವಾಗುವಲ್ಲಿ ನಮ್ಮ ಮನೆ. ಮನೆಯಲ್ಲಿ ಅವ್ವ, ನಾನು, ನನ್ನ ತಂಗಿ. ನನಗಿಂತ ಬಹಳ ಚಿಕ್ಕವಳು. ನಾನು ಬಿಟ್ಟ ಓದನ್ನೂ ಸೇರಿಸಿ ಅವಳೇ ಓದಿದಳು.

ವ್ಯಾನು ಒಂದು ಸಂಸ್ಥೆಯದು. ಸಂಸ್ಥೆ ಎಂದರೆ ಒಂದೇ ಅಲ್ಲ. ಬೇರೆ ಬೇರೆ ದೇಶಗಳ ಸಂಸ್ಥೆಗಳು ಕೈಹಿಡಿದು ಕಟ್ಟಿಕೊಂಡ ದೊಡ್ಡ ಜಾಲ, ಅದರಲ್ಲಿ ಪುಣೆಯ ಗಂಟು ನಮ್ಮದು. ಜಗತ್ತಿನಲ್ಲಿ ಕೆಲವರಿಗೆ ಎಲ್ಲವೂ ಇದ್ದು ಉಳಿದವರಿಗೆ ಯಾಕೆ ಏನೂ ಇಲ್ಲ ಎಂಬುದನ್ನು ಶಾಲೆಯ ಮಕ್ಕಳಿಗೆ ತಿಳಿಸಬೇಕು, ನ್ಯಾಯ ಅನ್ಯಾಯದ ಬುದ್ಧಿ ಎಳವೆಯಲ್ಲೇ ಬರಬೇಕು ಎನ್ನುವುದು ಅವರ ಉದ್ದೇಶ. ಆ ಕೆಲಸ ಕೆಟ್ಟದ್ದೆಂದು ನಾನು ಇಂದಿಗೂ ಹೇಳುವುದಿಲ್ಲ. ನನ್ನ ತಂಗಿಯಂತೂ ಅದನ್ನು ಪೂರಾ ನಂಬಿದ್ದಳು.

ಹೊರದೇಶಗಳ ಶಿಕ್ಷಕರು ಗುಂಪು ಗುಂಪಾಗಿ ಬರುತ್ತಾರೆ. ನಾನು ಅವರನ್ನು ಹಡಪಸರದ ಕಸ ಬೇರ್ಪಡಿಸುವ ಶೆಡ್ಡಿಗೆ, ಸಾಸವಡದ ಕಡೆಯ ಹೆಣ್ಣುಮಕ್ಕಳ ಗುಂಪುಗಳಿಗೆ ಕರೆದೊಯ್ಯುತ್ತೇನೆ. ಸಂಜೆ ಕಚೇರಿಯ ಹಾಲಿನಲ್ಲಿ ಚಾಪೆ ಹಾಸಿ ಎಲ್ಲರೂ ದುಂಡಗೆ ಕೂರುತ್ತಾರೆ. ಡ್ರೈವರೂ ಕೂರಬೇಕು, ಅಡುಗೆಯವರೂ ಕೂರಬೇಕು. ಇಲ್ಲಿ ಮೇಲು ಕೀಳು ಇಲ್ಲ ಎಂದು ನಮ್ಮ ಮೇಡಮ್ ಹೇಳುತ್ತಾರೆ. ಪುಣೆಯ ಕಚೇರಿಯನ್ನು ನಡೆಸುವವರು ಅವರೇ. ಮರಾಠಿಯವರು. ನಾನು ಅವರ ಮಾತನ್ನು ಇಲ್ಲಿ ಕನ್ನಡಕ್ಕೆ ಮಾಡಿ ಬರೆದಿದ್ದೇನೆ. ‘ದಾದಾ’ ಒಂದನ್ನು ಹಾಗೇ ಬಿಟ್ಟಿದ್ದೇನೆ, ಅಣ್ಣ ಎಂದರ್ಥ.

ಆ ಕೂಟಕ್ಕೆ ಒಂದು ನಿಯಮವಿದೆ. ಒಬ್ಬರು ತಮ್ಮ ಬದುಕಿನ ಮಾತು ಹೇಳುವಾಗ ಯಾರೂ ತಡೆಯಬಾರದು. ಹೇಳಿದ್ದನ್ನು ‘ಇದು ನಿಜವೇ’ ಎಂದು ಕೇಳಬಾರದು. ಬಡವರ ಮಾತನ್ನು ಜಗತ್ತು ಸದಾ ಅನುಮಾನದಿಂದ ಕೇಳಿದೆ, ಇಲ್ಲಾದರೂ ಹಾಗಾಗಬಾರದು ಎಂಬುದು ಅದರ ಕಾರಣ. ಮಾತು ಮುಗಿದಾಗ ಚಪ್ಪಾಳೆಯಿಲ್ಲ. ಎಲ್ಲರೂ ಎರಡು ಕೈ ಮೇಲೆತ್ತಿ ಬೆರಳು ಆಡಿಸುತ್ತಾರೆ. ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು. ಆ ಬೆರಳುಗಳು ನನ್ನ ಕಡೆಗೆ ಆಡಿದ ದಿನ ನಗು ಬರಲಿಲ್ಲ.

ಆ ದಿನ ಒಬ್ಬ ಶಿಕ್ಷಕಿ, ನಿಮಗೆ ಅಕ್ಕತಂಗಿಯರಿದ್ದಾರಾ ಎಂದು ನನ್ನನ್ನು ಕೇಳಿದರು. ಮೇಡಮ್ ಮರಾಠಿ ಮಾಡಿ ಹೇಳಿದರು. ಒಬ್ಬ ತಂಗಿ ಇದ್ದಾಳೆ, ಕಾಲೇಜಿಗೆ ಹೋಗುತ್ತಾಳೆ ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ವ್ಯಾನಿನ ಕನ್ನಡಿಯಲ್ಲಿ ಹಿಂದಿನವರನ್ನು ನೋಡಿ ಅಭ್ಯಾಸವಿದ್ದ ನನಗೆ ಹಾಗೆ ಎದುರಿನಿಂದ ನೋಡಿಸಿಕೊಂಡು ಗೊತ್ತಿರಲಿಲ್ಲ. ‘ಅವಳ ಲಗ್ನ ಗೊತ್ತಾಗಿತ್ತು, ಹದಿನೇಳಕ್ಕೇ. ಆಮೇಲೆ ನಿಂತಿತು’ ಎಂದೆ.

ಮೇಡಮ್ ಮುಂದೆ ಬಾಗಿದರು. “ಯಾರು ನಿಲ್ಲಿಸಿದರು ದಾದಾ?”

“ನಾನೇ” ಎಂದೆ.

ಇದ್ದಕ್ಕಿದ್ದಂತೆ ಬಂದ ಸುಳ್ಳು ಎಂದು ಹೇಳಿಕೊಳ್ಳಬಹುದು. ಹಾಗೇನಲ್ಲ. ಆ ಉತ್ತರ ಕೊಟ್ಟರೆ ಎಷ್ಟು ಬೆರಳು ಆಡುತ್ತವೆ ಎಂದು ನನಗೆ ಗೊತ್ತಿತ್ತು.

ನಡೆದದ್ದು ಬೇರೆ. ನಮ್ಮಲ್ಲಿ ಹುಡುಗಿಯ ಮೇಲೆ ಮೊದಲ ಹಕ್ಕು ಸೋದರಮಾವನದು. ಅವ್ವನ ತಮ್ಮ ಸಾಸವಡದ ಮಂಡಿಯಲ್ಲಿ ಸೀತಾಫಲದ ಕ್ರೇಟು ಹೊರುವ ಕೆಲಸದಲ್ಲಿದ್ದ. ಕುಡಿತವಿಲ್ಲ, ಜಗಳವಿಲ್ಲ, ಮದುವೆಯೂ ಆಗಿರಲಿಲ್ಲ. ತಮ್ಮನ ಮನೆ ತುಂಬಲಿ ಎಂದು ಅವ್ವನ ಆಸೆ. ಮನೆಯ ಗಂಡಸು ಎಂದು ಮಾತು ಕೊಟ್ಟವನು ನಾನು. ನಿಶ್ಚಯಕ್ಕೆ ಕುಂಕುಮ ಹಚ್ಚುವ ದಿನ ಗೊತ್ತುಮಾಡಿದವನು ನಾನು. ಸೀರೆ ತಂದವನೂ ನಾನೇ.

“ನನಗ ಬ್ಯಾಡ ಅಣ್ಣಾ” ಎಂದು ತಂಗಿ ಹೇಳಿದಳು.

“ನಿನ್ನ ಕೇಳಿದವರ್ಯಾರು?” ಎಂದೆ.

ಅವಳು ಅಳಲಿಲ್ಲ. ಒಂದು ದಿನ ಕಾಲೇಜಿಗೆಂದು ಹೊರಟವಳು ಹಡಪಸರದಲ್ಲಿ ಬಸ್ಸು ಬದಲಿಸಿ ನೇರ ಸಾಸವಡಕ್ಕೆ ಹೋದಳು. ಮಂಡಿಯಲ್ಲಿ ಅಷ್ಟು ಗಂಡಸರ ನಡುವೆ ಕ್ರೇಟುಗಳನ್ನು ದಾಟಿಕೊಂಡು ಹೋಗಿ ಮಾವನ ಎದುರು ನಿಂತಳು. ಏನು ಹೇಳಿದಳೆಂದು ನನಗೆ ತಿಳಿದದ್ದು ಮಾವನಿಂದಲೇ.

“ಮಾವ, ನೀ ನನ್ನ ಹೆಗಲ ಮ್ಯಾಲೆ ಹೊತ್ತು ಬಾಲವಾಡಿಗೆ ಬಿಡ್ತಿದ್ದಿ. ನಾ ನಿನ್ನ ಹೆಂಡ್ತಿ ಹೆಂಗ ಆಗ್ಲಿ? ನೀನ ಹೇಳು” ಎಂದಳಂತೆ.

ಮಾವ ಒಂದು ಕ್ರೇಟು ಕವುಚಿ ಹಾಕಿ ಅದರ ಮೇಲೆ ಕುಳಿತನಂತೆ. ಆಮೇಲೆ, “ಚಹಾ ಕುಡೀತಿ?” ಎಂದನಂತೆ. ಅಂದೇ ಅವ್ವನಿಗೆ ಫೋನು ಮಾಡಿದ. “ಅಕ್ಕಾ, ಈ ಲಗ್ನ ಆಗೂದಿಲ್ಲ. ಹುಡುಗಿಗೆ ಏನೂ ಅನಬ್ಯಾಡ್ರಿ. ಅಕಿ ಖರೇನ ಮಾತಾಡ್ಯಾಳ.”

ಅವಳು ಮನೆಗೆ ಬಂದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಒಳಗೆ ಬರುವ ಮೊದಲೇ ಹೊಡೆದೆ. ಓಣಿಯವರೆಲ್ಲ ನೋಡುತ್ತಿದ್ದರು. ಕೊಟ್ಟ ಮಾತು ಹೋಯಿತು, ಮಾನ ಹೋಯಿತು ಎಂದು ಕೂಗಾಡಿದೆ. ಅವಳು ಕೆನ್ನೆ ಹಿಡಿದುಕೊಳ್ಳಲೂ ಇಲ್ಲ, ಚೀಲ ಕೆಳಗಿಟ್ಟು ಒಳಗೆ ಹೋಗಿ ಕೈಕಾಲು ತೊಳೆದಳು. ಲಗ್ನ ನಿಂತದ್ದು ಹೀಗೆ. ಅದರಲ್ಲಿ ನನ್ನ ಪಾಲೆಂದರೆ ಆ ಏಟು ಒಂದೇ.

ಈಗ ಸಿಟ್ಟಿನ ಮಾತು ಹೇಳುತ್ತೇನೆ. ಒಮ್ಮೆ ಹೇಳಿದ ಸುಳ್ಳು ಒಂದೇ ಸಂಜೆಗೆ ಸಾಯುತ್ತಿತ್ತು. ಅದಕ್ಕೆ ಹಾಲೆರೆದು ಸಾಕಿದ್ದು ಆ ಕಚೇರಿ. ಪ್ರತಿ ಹೊಸ ಗುಂಪು ಬಂದಾಗಲೂ ಮೇಡಮ್, “ದಾದಾ, ನಿಮ್ಮ ತಂಗಿಯ ಕಥೆ” ಎನ್ನುವರು. ನಾನು ಹೇಳುವೆ. ಒಮ್ಮೆ ಮಾತಿನ ಭರದಲ್ಲಿ ಮಾವನ ಕಾಲು ಹಿಡಿದು ಬೇಡಿಕೊಂಡೆ ಎಂದು ಸೇರಿಸಿದೆ. ಮುಂದಿನ ಸಲ ಅದನ್ನು ಬಿಟ್ಟರೆ ಮೇಡಮ್ಮೇ ನೆನಪಿಸಿದರು. “ಕಾಲು ಹಿಡಿದದ್ದನ್ನು ಬಿಡಬೇಡಿ ದಾದಾ. ಗಂಡಸು ಇನ್ನೊಬ್ಬ ಗಂಡಸಿನ ಕಾಲು ಹಿಡಿಯುವುದು ಬಹಳ ಮುಖ್ಯ.”

ಅಷ್ಟು ವರ್ಷದಲ್ಲಿ ಒಬ್ಬರೂ, ಆ ತಂಗಿ ಎಲ್ಲಿದ್ದಾಳೆ, ಅವಳನ್ನು ಒಮ್ಮೆ ಕೇಳೋಣ ಎನ್ನಲಿಲ್ಲ. ಕಚೇರಿಯಿಂದ ನಮ್ಮ ಮನೆ ನಡೆದು ಹೋಗುವಷ್ಟು ದೂರ. ಹೆಣ್ಣುಮಕ್ಕಳ ದನಿ ಎಂದು ಗೋಡೆಯ ಮೇಲೆ ಬರೆಸಿಟ್ಟವರಿಗೆ ಒಂದು ಹೆಣ್ಣುಮಗಳ ಮನೆಯವರೆಗೆ ಬರಲು ಆಗಲಿಲ್ಲ. ಅವರಿಗೆ ಬೇಕಾಗಿದ್ದದ್ದು ಬದಲಾದ ಗಂಡಸು. ತಾವೇ ಎದ್ದು ನಿಂತ ಹುಡುಗಿಯರನ್ನು ಬೇಕಾದಷ್ಟು ನೋಡಿದ್ದೇವೆ, ಅಣ್ಣ ಸಿಗುವುದು ಅಪರೂಪ ಎಂದು ಮೇಡಮ್ ಒಮ್ಮೆ ನನ್ನೆದುರೇ ಯಾರಿಗೋ ಹೇಳಿದ್ದರು. ಅಪರೂಪದವನು ಎಂದು ನಾನೂ ಬೀಗಿದೆ. ಅದನ್ನು ಮರೆಮಾಡಿ ಬರೆಯಲಾರೆ.

ಕಚೇರಿಯ ಮಾತು ಕೇಳಿ ಬಸ್ತಿಯ ಮುಖಂಡರು ನನಗೆ ಸನ್ಮಾನ ಮಾಡಿದರು, ನಾನು ಹೊಡೆದದ್ದನ್ನು ಕಂಡ ಓಣಿಯವರೂ ಬಂದು ಕೂತಿದ್ದರು. ಶಾಲು, ತೆಂಗಿನಕಾಯಿ, ಭಾಷಣ. ಅವ್ವ ಮುಂದಿನ ಸಾಲಿನಲ್ಲಿ ಕುಳಿತು ತಲೆ ತಗ್ಗಿಸಿಕೊಂಡಿದ್ದಳು. ಎಲ್ಲ ಬಲ್ಲವಳು ಅವಳು. ಮನೆಗೆ ಬಂದ ಮೇಲೆ, “ಇದರಿಂದ ಯಾರಿಗೆ ಏನ್ ನುಕಸಾನ್ ಆತು, ಬಿಡು” ಎಂದಳು. ಮಾವನಿಗೆ ಯಾರೋ ಸುದ್ದಿ ಮುಟ್ಟಿಸಿದರು. ಫೋನಿನಲ್ಲಿ ಹೊಟ್ಟೆ ಹಿಡಿದು ನಕ್ಕ.

“ಏನಪಾ ಅಳಿಯಾ, ನನ್ನ ಲಗ್ನ ನೀ ಮುರದಿ ಅಂತ? ನನ್ನ ಕಾಲ ಬ್ಯಾರೆ ಹಿಡದಿ ಅಂತ? ಯಾವ ಕಾಲೋ, ಎಡದೋ ಬಲದೋ? ನನಗ ತಿಳೀಲೇ ಇಲ್ಲಲ್ಲೋ.”

ತಂಗಿ ಶಾಲನ್ನು ಮಡಚಿ ಟ್ರಂಕಿನ ಮೇಲಿಟ್ಟಳು. “ಚಲೋ ಶಾಲದ ಅಣ್ಣಾ. ಥಂಡಿಗೆ ಅವ್ವಗ ಆಗ್ತದ” ಎಂದಳು. ಅವಳಿಗೆ ಬೇಸರವಿಲ್ಲ ಎಂದು ನಾನು ತಿಳಿದೆ. ಹಾಗೆ ತಿಳಿಯುವುದು ನನಗೆ ಬೇಕಾಗಿತ್ತು.

ಪಾಠ ಅಚ್ಚಾಗಿ ಬಂದದ್ದು ಆಮೇಲೆ. ಅದರಲ್ಲಿ ತಂಗಿಯ ಚಿತ್ರವೂ ಇದೆ, ಕೈಯಿಂದ ಬರೆದದ್ದು. ಬಾಗಿಲ ಹಿಂದೆ ಮೂಲೆಯಲ್ಲಿ ಮೊಣಕಾಲಿಗೆ ತಲೆಕೊಟ್ಟು ಅಳುತ್ತಾ ಕುಳಿತ ಎರಡು ಜಡೆಯ ಹುಡುಗಿ. ಮಂಡಿಯಲ್ಲಿ ಅಷ್ಟು ಗಂಡಸರನ್ನು ದಾಟಿ ಹೋದವಳನ್ನು ಮೂಲೆಗೆ ಕೂರಿಸಿ ಅಳಿಸಿಬಿಟ್ಟರು. ನಾನು ಅದನ್ನು ಮನೆಗೆ ತರಲಿಲ್ಲ. ಅವಳಿಗೆ ಸಿಗಲಾರದೆಂದುಕೊಂಡೆ.

ತಂಗಿ ಬಿ.ಎ. ಮುಗಿಸಿ ಹಡಪಸರದ ಒಂದು ಕಂಪನಿಯಲ್ಲಿ ಗಿರಾಕಿಗಳ ಫೋನು ಎತ್ತುವ ಕೆಲಸಕ್ಕೆ ಸೇರಿದ್ದಳು. ದಿನವಿಡೀ ಬೈಸಿಕೊಳ್ಳುವ ಕೆಲಸ ಎನ್ನುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಬೇರೆ. ನಮ್ಮ ಸಂಸ್ಥೆಯವರು ಸಾಸವಡದ ಕಡೆಯ ಹಳ್ಳಿಗಳಲ್ಲಿ ಹುಡುಗಿಯರ ಗುಂಪುಗಳಿಗೆ ತರಬೇತಿ ಕೊಡುವವರನ್ನು ಹುಡುಕುತ್ತಿದ್ದಾರೆ ಎಂದು ತಿಳಿದಾಗ, ನನ್ನನ್ನು ಕೇಳದೆ ಅರ್ಜಿ ಹಾಕಿದಳು. ಎಷ್ಟೋ ಸಂಜೆ ಕೆಲಸದಿಂದ ಬಂದು, ಅವ್ವನನ್ನೇ ಹಳ್ಳಿಯ ಹುಡುಗಿಯನ್ನಾಗಿ ಎದುರಿಗೆ ಕೂರಿಸಿಕೊಂಡು ಮಾತಾಡಿ ನೋಡುತ್ತಿದ್ದಳು. ಅವ್ವ ನಗುತ್ತಿದ್ದಳು. “ನನಗ ಈಗ ಹೇಳಿ ಏನ್ ಮಾಡ್ತೀಯವಾ, ನನ್ನ ಲಗ್ನ ಆಗಿ ಹೋತು.”

“ಇರ್ಲಿ ಬೇ, ಒಂದ್ ಸಲ ಬ್ಯಾಡ ಅನ್ನು. ಹೆಂಗ ಅನಸ್ತದ ನೋಡು” ಎನ್ನುತ್ತಿದ್ದಳು ತಂಗಿ.

ಸಂದರ್ಶನದ ದಿನ ನಾನು ಕಚೇರಿಯ ಅಂಗಳದಲ್ಲಿ ವ್ಯಾನಿನ ಗಾಜು ಒರೆಸುತ್ತಿದ್ದೆ. ಒಳಗಿನಿಂದ ಕರೆ ಬಂತು. ಹೋದೆ. ಮೇಜಿನ ಆಚೆ ಮೇಡಮ್ ಇದ್ದರು. ಅವರ ಪಕ್ಕದಲ್ಲಿ ಐಟಿ ಕಂಪನಿಯೊಂದರಿಂದ ಸಂಸ್ಥೆಗೆ ಬಿಡುವಿನಲ್ಲಿ ಸಹಾಯ ಮಾಡಲು ಬರುವ ಮೈಸೂರಿನ ಕಡೆಯ ಒಬ್ಬ ತರುಣ. ಈಚೆ ಕುರ್ಚಿಯಲ್ಲಿ ತಂಗಿ, ಹಸಿರು ಸಲ್ವಾರಿನಲ್ಲಿ, ನೆಟ್ಟಗೆ ಕುಳಿತಿದ್ದಳು. ಮೇಜಿನ ಮೇಲೆ ಆ ಪಾಠದ ಹಾಳೆ ಇತ್ತು. ಅವಳು ಅದನ್ನು ಮೊದಲು ನೋಡಿದ್ದು ಅಲ್ಲಿಯೇ.

ತರುಣ ನನ್ನೊಡನೆ ಕನ್ನಡದಲ್ಲೇ ಮಾತಾಡಿದ. “ಬನ್ನಿ ಸರ್, ಒಂದ್ ಸಣ್ಣ ಕ್ಲಾರಿಫಿಕೇಶನ್ ಅಷ್ಟೇ. ಮದ್ವೆ ನಿಲ್ಸಿದ್ದು ನಾನೇ ಅಂತ ನಿಮ್ ಸಿಸ್ಟರ್ ಹೇಳ್ತಿದಾರೆ. ನಮ್ ಮೆಟೀರಿಯಲ್ಲಲ್ಲಿ ಬೇರೆ ಥರ ಇದೆ. ಯಾವ್ದು ಕರೆಕ್ಟು?”

‘ಅಕಿನ ಮಾಡಿದ್ದು’ ಎಂದರೆ ಸಾಕಿತ್ತು. ತಂಗಿ ನನ್ನ ಮುಖ ನೋಡಿದಳು. ಬೇಡುವ ನೋಟವಲ್ಲ ಅದು. ಅಣ್ಣ ಬಂದ, ಇನ್ನು ಸರಿಹೋಗುತ್ತದೆ ಎಂಬ ನೋಟ.

“ಇಬ್ಬರೂ ಕೂಡೇ ಮಾಡಿದ್ವಿ ಸರ್” ಎಂದೆ. ಅದು ಸಾಲದೆಂಬಂತೆ ಇನ್ನೊಂದು ಮಾತು ಸೇರಿಸಿದೆ. “ಅಕಿ ಸಣ್ಣಾಕಿ ಇದ್ಲು. ಅಷ್ಟೆಲ್ಲ ನೆನಪಿರಾಕಿಲ್ಲ.”

ತಂಗಿ ನನ್ನಿಂದ ಮುಖ ತಿರುಗಿಸಿ ಅವರಿಗೆ ಹೇಳಿದಳು, “ನನಗೆ ನೆನಪಿದೆ ಸರ್.”

“ಇಟ್ಸ್ ಓಕೆ” ಎಂದ ತರುಣ, ಒಳ್ಳೆಯ ಮನಸ್ಸಿನಿಂದಲೇ. “ಇಂಥ ಮೆಮರೀಸ್ ಎಲ್ಲ ಸ್ವಲ್ಪ ಬ್ಲರ್ ಆಗಿರುತ್ತೆ.”

ಚಾಪೆಯ ಮೇಲೆ ನಾನು ಹೇಳಿದ ಸುಳ್ಳನ್ನು ನಿಜವೇ ಎಂದು ಕೇಳಬಾರದೆಂದು ನಿಯಮವಿತ್ತು. ಕುರ್ಚಿಯ ಮೇಲೆ ಕುಳಿತು ಅವಳು ಹೇಳಿದ ನಿಜಕ್ಕೆ ಸಾಕ್ಷಿ ಬೇಕಾಯಿತು. ಆ ಸಾಕ್ಷಿಗೂ ಕರೆದದ್ದು ನನ್ನನ್ನು. ಬಡವರ ಮಾತನ್ನು ನಂಬಬೇಕು ಎನ್ನುವವರು ಬಡವಿ ಕೆಲಸ ಕೇಳಿಕೊಂಡು ಬಂದ ಕೂಡಲೇ ಪೊಲೀಸರಾಗುತ್ತಾರೆ. ಅಳುತ್ತಾ ಕುಳಿತರೆ ನಂಬುತ್ತಾರೆ. ನೆಟ್ಟಗೆ ಕುಳಿತರೆ ಅನುಮಾನ. ಇದನ್ನು ಯಾವ ಪಾಠದಲ್ಲಿ ಹಾಕುತ್ತಾರೆ?

ಆ ಕೆಲಸ ಅವಳಿಗೆ ಸಿಗಲಿಲ್ಲ. ಬೇಕಿದ್ದರೆ ಅಣ್ಣನ ಜೊತೆ ಕೂಟಗಳಿಗೆ ಬಂದು ಕೂರಬಹುದು, ಜನ ನಿಮ್ಮನ್ನು ನೋಡಿದರೆ ಪರಿಣಾಮ ಹೆಚ್ಚು ಎಂದು ಮೇಡಮ್ ಹೇಳಿದರಂತೆ. ಅವಳು ನಮಸ್ಕಾರ ಹೇಳಿ ಹೊರಗೆ ಬಂದಳು. ವ್ಯಾನಿನಲ್ಲಿ ಬಿಡುತ್ತೇನೆಂದೆ. ನನ್ನ ಪಕ್ಕದಿಂದಲೇ ನಡೆದು ಹೋದಳು.

ಮನೆಯಲ್ಲಿ ಅವಳು ಒಲೆಯ ಮುಂದಿದ್ದಳು. ರೊಟ್ಟಿ ಬಡಿಯುತ್ತಾ, ತಿರುಗಿ ನೋಡದೆ ಕೇಳಿದಳು.

“ಹೊಡದದ್ದು ನೆನಪದೋ ಇಲ್ಲೋ ನಿನಗ?”

“ಅದ.”

“ಹಂಗಾರ ನೀ ಹೇಳಿದ್ದು ಖರೇನ ಬಿಡು. ನಾ ಲಗ್ನ ಮುರದೆ, ನೀ ನನ್ನ ಹೊಡದಿ. ಕೂಡೇ ಮಾಡೀವಿ.”

ಅವ್ವ ನಡುವೆ ಬಂದಳು. “ಹೋಗ್ಲಿ ಬಿಡವಾ. ಫೋನಿನ ನೌಕರಿ ಅದಲ್ಲ. ಅಣ್ಣನ ಮಾತು ತಗದು ಹಾಕಿದ್ರ ಅವನ ನೌಕರಿಗೆ ತ್ರಾಸ ಆಗ್ತಿತ್ತು.”

“ನೌಕರಿ ಹೋದದ್ದಕ್ಕಲ್ಲ ಅವ್ವಾ” ಎಂದಳು. “ನಾ ಸುಳ್ಳ ಹೇಳಾಕಿ ಅಂತ ಆತಲ್ಲ. ನನ್ನ ಜಲ್ಮದಾಗ ನಾ ಒಂದ್ ಕೆಲಸ ಮಾಡಿದ್ದೆ. ಅದನ್ನೂ ಇವಗ ಕೊಟ್ಟು ಕೂತೆ.”

ಅವ್ವ ತಾಟಿಗೆ ಬಡಿಸಿದಳು. ಬಡಿಸಿದ್ದನ್ನು ನಾನು ತಿಂದೆ. ತಿನ್ನದೆ ಎದ್ದು ಹೋಗುವಷ್ಟು ನಾಚಿಕೆಯೂ ನನಗಿರಲಿಲ್ಲ.

ಕೆಲವು ದಿನ ಕಳೆದು ಮೇಡಮ್ಮರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಮಾತು ಕೊಟ್ಟದ್ದು, ಸೀರೆ ತಂದದ್ದು, ಅವಳು ಮಂಡಿಗೆ ಹೋದದ್ದು, ನಾನು ಹೊಡೆದದ್ದು. ಕಾಲು ಹಿಡಿದದ್ದು ಕೂಡ ಸುಳ್ಳು ಎಂದೆ. ಮೇಡಮ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದು ಸಿದ್ಧನಾಗಿ ನಿಂತಿದ್ದೆ. ಅವರ ಕಣ್ಣು ತುಂಬಿತ್ತು.

“ಎಷ್ಟು ಧೈರ್ಯ ಬೇಕು ದಾದಾ, ಇದನ್ನು ಹೇಳಲು” ಎಂದರು.

“ಧೈರ್ಯ ನನ್ನದಲ್ಲ ಮೇಡಮ್, ಅವಳದು. ಅದನ್ನೇ ಹೇಳಲು ಬಂದೆ. ಆ ಪಾಠ ತೆಗೆಸಿ.”

ತೆಗೆಯುವುದು ಕಷ್ಟ ಎಂದರು. ಬೇರೆ ಬೇರೆ ಭಾಷೆಗಳಿಗೆ ಹೋಗಿದೆ, ಎಷ್ಟೋ ದೇಶಗಳ ಸಂಸ್ಥೆಗಳು ಒಪ್ಪಿವೆ, ಎಲ್ಲರೂ ಮತ್ತೆ ಕೂತು ಒಪ್ಪಬೇಕು. ಮುಂದಿನ ಸಲ ಪುಸ್ತಕ ತಿದ್ದುವಾಗ ನೋಡೋಣ. ಅಷ್ಟಕ್ಕೂ ಯಾರು ಮಾಡಿದರು ಎಂಬುದು ಮುಖ್ಯವಲ್ಲ, ಬದಲಾವಣೆ ಆಯಿತಲ್ಲ, ಅದು ಮುಖ್ಯ. ಇಷ್ಟು ಹೇಳಿ ಅವರು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದಾಗ ಅವರ ಮುಖ ಬೆಳಗಿತ್ತು.

“ದಾದಾ, ಇದು ಮೊದಲಿನದಕ್ಕಿಂತ ಒಳ್ಳೆಯ ಪಾಠ. ತಪ್ಪು ಮಾಡಿ ಒಪ್ಪಿಕೊಂಡ ಗಂಡಸು. ಇದನ್ನು ನೀವು ಮುಂದಿನ ಗುಂಪಿಗೆ ಹೇಳಿ.”

ಮತ್ತೆ ನಾನೇ. ಹೊಡೆದರೂ ನಾನೇ ನಾಯಕ, ಉಳಿಸಿದರೂ ನಾನೇ ನಾಯಕ, ಸುಳ್ಳಾಡಿದರೂ ನಾನೇ ನಾಯಕ. ಅವಳಿಗೆ ಮಾತ್ರ ಯಾವ ಕಥೆಯಲ್ಲೂ ಮೂಲೆಯೇ ಗತಿ. ಮೇಡಮ್ಮರೆದುರು ನಾನು ಎಂದೂ ದನಿ ಏರಿಸಿದವನಲ್ಲ. ಅಂದು ಏರಿಸಿದೆ. ಪಾಠ ಹಾಳಾಗಿ ಹೋಗಲಿ, ನನ್ನ ತಂಗಿ ಸುಳ್ಳಿಯಲ್ಲ ಎಂದು ಅವಳಿಗಾದರೂ ಹೇಳಿ, ಆ ಮೈಸೂರಿನವರಿಗಾದರೂ ಹೇಳಿ ಎಂದೆ. ಶಾಂತರಾಗಿ ದಾದಾ ಎಂದರು. ಆಗಲಿ ಎಂದರು.

ಮಾತಿನಂತೆ ನಡೆದರು ಎಂಬುದನ್ನೂ ಹೇಳಬೇಕು. ಒಂದು ಭಾನುವಾರ ಬೆಳಿಗ್ಗೆ ತಂಗಿಯ ಫೋನಿಗೆ ಕರೆ ಬಂತು. ಅವಳು ಅವ್ವನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಕೈ ಜಿಡ್ಡಾಗಿದ್ದರಿಂದ ಫೋನನ್ನು ನೆಲದ ಮೇಲಿಟ್ಟು ಸ್ಪೀಕರು ಹಾಕಿದಳು. ಮೇಡಮ್ಮರ ದನಿ ಮನೆಯೆಲ್ಲ ಕೇಳಿಸಿತು. ಬಹಳ ಬೇಸರವಾಯಿತು, ತಪ್ಪು ತಿಳಿವಳಿಕೆಯಾಗಿತ್ತು, ನಿಮ್ಮ ಅಣ್ಣ ಬಂದು ಎಲ್ಲ ಹೇಳಿದರು, ಈಗ ನಮಗೆ ಪೂರ್ಣ ನಂಬಿಕೆ ಬಂದಿದೆ. ನಿಮ್ಮ ಬದಲು ಕೆಲಸಕ್ಕೆ ತೆಗೆದುಕೊಂಡ ಹುಡುಗಿ ಹಳ್ಳಿಯ ಓಡಾಟ ಆಗದೆಂದು ಬಿಟ್ಟು ಹೋಗಿದ್ದಾಳೆ. ಕೆಲಸ ನಿಮ್ಮದೇ. ಯಾವಾಗ ಸೇರುತ್ತೀರಿ?

ಎಲ್ಲ ಸರಿಹೋಯಿತೆಂದುಕೊಂಡೆ. ತಂಗಿ ಮರಾಠಿಯಲ್ಲಿ ಕೇಳಿದಳು, “ಮೇಡಮ್, ಆ ದಿನ ನಾನು ಹೇಳಿದ್ದು, ಆಮೇಲೆ ಅಣ್ಣ ಹೇಳಿದ್ದು ಎರಡೂ ಒಂದೇ ಅಲ್ಲವಾ?”

“ಹೌದಮ್ಮ, ಒಂದೇ. ಅದಕ್ಕೇ ಈಗ—”

“ನಾನು ಹೇಳಿದಾಗ ಯಾಕೆ ನಂಬಲಿಲ್ಲ?”

ಮೇಡಮ್ ಮಾತಾಡಿದರು, ಉದ್ದವಾಗಿ. ತಂಗಿ ಪೂರ್ತಿ ಕೇಳಿದಳು. “ಆ ಹುಡುಗಿಯರ ಮುಂದೆ ನಿಂತು, ನಿಮ್ಮ ಮಾತನ್ನು ನೀವೇ ಹೇಳಿ ಎಂದು ನಾನು ಹೇಗೆ ಹೇಳಲಿ ಮೇಡಮ್? ನನ್ನ ಮಾತನ್ನು ಅಣ್ಣ ಹೇಳಿದ ಮೇಲೆ ತಾನೇ ನೀವು ನಂಬಿದ್ದು. ನನಗೆ ಬೇಡ” ಎಂದು ಮೊಣಕೈಯಿಂದ ಫೋನು ಆರಿಸಿದಳು.

ಅವ್ವ ಎಣ್ಣೆಯ ತಲೆಯಲ್ಲೇ ಎದ್ದು ನಿಂತಳು. ಅವ್ವ ಏನಾದರೂ ಹೇಳುವ ಮೊದಲು ನಾನೇ ಕೂಗಿದೆ.

“ಹುಚ್ಚಿ ಏನು ನೀ? ಕೆಲಸ ಕೈಗೆ ಬಂದದ. ನಾ ಹೋಗಿ ಅವರ ಮುಂದ ಮಾನ ಕಳಕೊಂಡು ಬಂದೀನಿ ನಿನ್ನ ಸಲುವಾಗಿ. ಸುಮ್ಮ ಹ್ಞೂಂ ಅನ್ನು.”

“ಮತ್ತ ‘ನಿನ್ನ ಕೇಳಿದವರ್ಯಾರು’ ಅಂತ ನೀ ಅನ್ನೂದೊಂದು ಉಳೀತು” ಎಂದಳು ತಂಗಿ. ಸಿಟ್ಟಿರಲಿಲ್ಲ ದನಿಯಲ್ಲಿ. ದಣಿದಿದ್ದಳು.

ನಾನು ಕುಳಿತುಬಿಟ್ಟೆ. ಅವಳ ಕೆಲಸ, ಅವಳ ಲಗ್ನ, ಅವಳ ನಿಜ, ಎಲ್ಲವೂ ನಾನು ಕೊಡುವ ಸಾಮಾನು ಎಂದೇ ನನ್ನ ತಲೆ ನಡೆಯುತ್ತಿತ್ತು. ಕೊಟ್ಟದ್ದನ್ನು ಬೇಡವೆಂದರೆ ನನಗೆ ಸಿಟ್ಟು. ನಾನು ಬೈಯುತ್ತಿದ್ದ ಕಚೇರಿಗೂ ನನಗೂ ಆ ಹೊತ್ತಿನಲ್ಲಿ ಯಾವ ಅಂತರವೂ ಇರಲಿಲ್ಲ.

ಅವಳು ಕೈ ಒರೆಸಿಕೊಂಡು ನನ್ನೆದುರು ಕುಳಿತಳು. “ಒಂದು ಕೇಳ್ತೀನಿ. ಕ್ಷಮಾ ಗಿಮಾ ಬ್ಯಾಡ ನನಗ. ಆ ದಿನ ಅವರು ಕೇಳಿದಾಗ, ಖರೇ ಹೇಳಾಕ ನಿನಗ ಏನ್ ಅಡ್ಡ ಬಂತು? ನೌಕರಿ ಅಂತ ಅನಬ್ಯಾಡ.”

ನೌಕರಿ ಎಂದೇ ಹೇಳಲು ಬಾಯಿ ತೆರೆದಿದ್ದೆ. ಮುಚ್ಚಿದೆ. ಆಮೇಲೆ ಹೇಳಿದೆ.

“ನೀ ಕುರ್ಚಿ ಮ್ಯಾಲೆ ಕೂತಿದ್ದಿ. ಅವರ ಸರಿಸಮ ಮಾತಾಡ್ಲಿಕ್ಕತ್ತಿದ್ದಿ. ನಾ ಇಷ್ಟ ವರ್ಷ ಅಲ್ಲಿ ದುಡದೀನಿ, ನನಗ ಯಾರೂ ಕುರ್ಚಿ ಕೊಟ್ಟಿಲ್ಲ. ಚಾಪಿ ಮ್ಯಾಲೆ ಆ ಒಂದ್ ಕಥಿ ಇತ್ತು ನನಗ. ಅದೂ ನಿಂದ ಅಂತ ಅಂದ್ರ ನಾ ಅಲ್ಲಿ ಬರೇ ಡ್ರೈವರ್. ಹೊಟ್ಟಿಕಿಚ್ಚ ಬಂತು ನನಗ.”

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಂಗಿ ನನ್ನನ್ನು ನೋಡುತ್ತಾ ಇದ್ದಳು.

“ಇದು ಖರೇ ಮಾತು” ಎಂದಳು. ಎದ್ದು ಅವ್ವನ ಹಿಂದೆ ಹೋಗಿ ಬಾಚಣಿಕೆ ಕೈಗೆತ್ತಿಕೊಂಡಳು. “ಇದನ್ನ ಮೇಡಮ್ಮಗ ಹೇಳಬ್ಯಾಡ. ಇದನ್ನೂ ಪಾಠ ಮಾಡ್ತಾರ.”

ಅವಳು ನನ್ನನ್ನು ಕ್ಷಮಿಸಿದಳು ಎಂದು ಇದನ್ನು ಓದಬಾರದು. ಅಂಥದ್ದೇನೂ ಆಗಿಲ್ಲ. ಅವಳು ಈಗಲೂ ಹಡಪಸರಕ್ಕೆ ಹೋಗಿ ಫೋನು ಎತ್ತುತ್ತಾಳೆ. ನಾವು ಸಿಲಿಂಡರಿನ ಬಗ್ಗೆ, ಅವ್ವನ ಗುಳಿಗೆಯ ಬಗ್ಗೆ ಮಾತಾಡುತ್ತೇವೆ. ನಾನು ಇನ್ನೂ ಆ ವ್ಯಾನನ್ನೇ ಓಡಿಸುತ್ತೇನೆ. ಬೇರೆ ಕೆಲಸ ಹುಡುಕಿದೆ, ಸಿಕ್ಕಿಲ್ಲ. ಇದನ್ನು ಕನ್ನಡದಲ್ಲಿ ಬರೆಯುತ್ತೇನೆಂದಾಗ, ಹೆಸರು ಹಾಕದಿದ್ದರೆ ಬರಿ ಎಂದಳು. ಬರೆದದ್ದನ್ನು ಓದಿ ತಪ್ಪಕ್ಷರಗಳನ್ನು ತಿದ್ದಿಕೊಟ್ಟಳು.

ಕಳೆದ ವಾರ ಹೊಸ ಗುಂಪು ಬಂತು. ಅವರ ಪೈಕಿ ಒಬ್ಬರು ತಮ್ಮ ಶಾಲೆಯಲ್ಲಿ ಆ ಪಾಠ ಕಲಿಸಿದವರು. ನನ್ನನ್ನು ಕಂಡು ಗುರುತು ಹಿಡಿದು ಕೈ ಕುಲುಕಿದರು. ಸಂಜೆ ಚಾಪೆ ಹಾಸಿದರು. ನಾನು ವ್ಯಾನಿನ ಗಾಳಿ ನೋಡಬೇಕೆಂದು ಹೊರಗೆ ನಿಂತರೂ ಬಿಡದೆ ಕರೆಸಿ ಕೂರಿಸಿದರು. ಆ ಶಿಕ್ಷಕರು ಏನೋ ಕೇಳಿದರು. ಮೇಡಮ್ ನನ್ನ ಕಡೆ ತಿರುಗಿ, “ನಿಮ್ಮ ತಂಗಿಯ ಕಥೆ ನಿಮ್ಮ ಬಾಯಿಂದಲೇ ಕೇಳಬೇಕಂತೆ ದಾದಾ. ಹಳೆಯದಾದರೂ ಸರಿ, ಹೊಸದಾದರೂ ಸರಿ” ಎಂದರು.

“ನನ್ನ ತಂಗಿಯ ಕಥೆ ನನ್ನ ತಂಗಿಯದು. ಅವಳು ನಿಮಗೆ ಹೇಳುವುದಿಲ್ಲವಂತೆ” ಎಂದೆ.

ನಾನು ಹೇಳಿದ್ದು ಅಷ್ಟೇ. ಮೇಡಮ್ ಅದನ್ನು ಇಂಗ್ಲಿಷಿನಲ್ಲಿ ಬಹಳ ಹೊತ್ತು ಹೇಳಿದರು. ಮುಗಿದಾಗ ಎಲ್ಲರೂ ನನ್ನ ಕಡೆ ನೋಡಿ, ಎರಡೂ ಕೈ ಮೇಲೆತ್ತಿ ಬೆರಳು ಆಡಿಸಿದರು.